ಅಪ್ಪನ ಮೊಣಕೈ ಹತ್ತಿರ ತಿಳಿ ಬಣ್ಣದ ಮಚ್ಚೆ, ತುರಿಕೆ ಇಲ್ಲ. ಏನಿರಬಹುದು?

ಎರೆಹೊಲ_ಗದಗ · ಸೋಮವಾರ ರಾತ್ರಿ 9:10
ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ತಾಲೂಕು. ಅಪ್ಪನಿಗೆ 58 ವರ್ಷ, ಈಗಲೂ ದಿನಾ ಹೊಲಕ್ಕೆ ಹೋಗುತ್ತಾರೆ. ಯುಗಾದಿ ಹೊತ್ತಿಗೆ ಬಲಗೈ ಮೊಣಕೈ ಕೆಳಗೆ ಒಂದು ಮಚ್ಚೆ ಕಂಡಿತು. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ, ಆದರೆ ಪೂರ್ತಿ ಬಿಳಿ ಅಲ್ಲ. ಆಗ ರೂಪಾಯಿ ನಾಣ್ಯದಷ್ಟಿತ್ತು, ಈಗ ಗ್ಲುಕೋಸ್ ಬಿಸ್ಕಿಟಿನಷ್ಟಾಗಿದೆ. ತುರಿಕೆ ಇಲ್ಲ, ನೋವಿಲ್ಲ. ಅದಕ್ಕೇ ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದು ಎರಡು ತಿಂಗಳು ಹಚ್ಚಿದ್ವಿ. ಏನೂ ಬದಲಾಗಲಿಲ್ಲ. ಪಕ್ಕದ ಮನೆಯವರು ಚಿಬ್ಬು ಅಂತಾರೆ, ಅತ್ತೆ ತೊನ್ನು ಅಂತ ಹೇಳಿ ಅವ್ವನನ್ನು ಅಳಿಸಿದರು, ಇನ್ನೊಬ್ಬರು ಕ್ಯಾಲ್ಸಿಯಂ ಕಡಿಮೆ ಅಂತಾರೆ. ಚರ್ಮದ ಮೇಲೆ ಏನಾದರೂ ಬಂದರೆ ಇದು ಇಂಥದ್ದು ಅಂತ ತಿಳಿಯೋದು ಹೇಗೆ? ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು?

ಹಳೇಹುಬ್ಬಳ್ಳಿ_ಮಂದಿ · 9:16
ಚಿಬ್ಬು ಅದು. ನನಗೂ ಇತ್ತು. ಬೇಸಿಗೆ ಹೋದರೆ ತಾನೇ ಹೋಗುತ್ತೆ.

ಸಾಧನಕೇರಿ · 9:24
ಒಂದೇ ಒಂದು ಮಚ್ಚೆ, ಅದೂ ಮೊಣಕೈ ಹತ್ತಿರ ಇದ್ದರೆ ಚಿಬ್ಬು ಅನ್ನೋದು ಕಷ್ಟ. ಚಿಬ್ಬು ಜಾಸ್ತಿ ಬರೋದು ಎದೆ, ಬೆನ್ನು, ಕುತ್ತಿಗೆ, ಭುಜದ ಮೇಲೆ. ಬೆವರು, ಎಣ್ಣೆ ಇರುವ ಕಡೆ. ಒಂದು ಬಂದರೆ ಹತ್ತು ಬರುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಚಿಬ್ಬಾದರೆ ಹಿಟ್ಟಿನಂಥ ಸಣ್ಣ ಹೊಟ್ಟು ಏಳುತ್ತದೆ. ಅದು ಒಂದು ತರಹದ ಬೂಷ್ಟು, ಎಲ್ಲರ ಚರ್ಮದ ಮೇಲೂ ಇರುತ್ತೆ, ಸೆಕೆಗೆ ಜೋರಾಗುತ್ತೆ ಅಷ್ಟೇ.

ಇನ್ನೊಂದು ಮಾತು. ಚಿಬ್ಬು ವಾಸಿಯಾದ ಮೇಲೂ ಬಣ್ಣ ವಾಪಸ್ ಬರೋಕೆ ತಿಂಗಳುಗಟ್ಟಲೆ ಬೇಕು. ಔಷಧಿ ಕೆಲಸ ಮಾಡಲಿಲ್ಲ ಅಂತ ಜನ ಮತ್ತೆ ಮತ್ತೆ ಹಚ್ಚುತ್ತಾರೆ.

ಎರೆಹೊಲ_ಗದಗ · 9:31
ಕೆರೆದು ನೋಡಿದೆ. ಹೊಟ್ಟು ಏಳಲಿಲ್ಲ. ಚರ್ಮ ಒಣಗಿದೆ ಅಷ್ಟೇ.

ಕೆಲಗೇರಿ_ದಂಡೆ · 9:40
ಹಾಗಾದರೆ ತೊನ್ನೇ ಇರಬೇಕು.

ಸಾಧನಕೇರಿ · 9:44
ತೊನ್ನು ಅಂತ ಅಷ್ಟು ಸುಲಭವಾಗಿ ಹೇಳಬೇಡಿ. ನನ್ನ ತಂಗಿಗೆ ತೊನ್ನು ಇದೆ, ಹದಿನೈದು ವರ್ಷದಿಂದ ನೋಡ್ತಾ ಇದ್ದೀನಿ. ಅದು ಹಾಲಿನಂತೆ ಬಿಳಿ. ಅಂಚು ಸ್ಪಷ್ಟ. ಅಲ್ಲಿನ ಕೂದಲು ಕೂಡ ಬೆಳ್ಳಗಾಗಬಹುದು. ಚರ್ಮ ಮಾತ್ರ ನುಣುಪಾಗೇ ಇರುತ್ತೆ, ಮುಟ್ಟಿದರೆ ಎಲ್ಲಾ ಗೊತ್ತಾಗುತ್ತೆ. ಇವರು "ಪೂರ್ತಿ ಬಿಳಿ ಅಲ್ಲ" ಅಂತ ಮೊದಲೇ ಬರೆದಿದ್ದಾರೆ, ಓದಿ.

ಮತ್ತೆ ತೊನ್ನು ಅಂಟುರೋಗ ಅಲ್ಲ. ಮೀನು ತಿಂದು ಹಾಲು ಕುಡಿದರೆ ಬರೋದೂ ಅಲ್ಲ. ಈ ಮಾತು ಕೇಳಿ ಕೇಳಿ ನನ್ನ ತಂಗಿ ಮದುವೆ ಮನೆಗಳಿಗೆ ಹೋಗೋದನ್ನೇ ಬಿಟ್ಟಿದ್ದಳು.

ವರದಾತೀರ_ಹಾವೇರಿ · 9:58
ನಡುವೆ ಬಂದೆ, ಕ್ಷಮಿಸಿ. ನನ್ನ ಮಗಳಿಗೆ ಏಳು ವರ್ಷ. ಎರಡೂ ಕೆನ್ನೆ ಮೇಲೆ ಮಸುಕು ಬಿಳಿ ಕಲೆ. ಜಂತುಹುಳು ಅಂತ ಎರಡು ಸಲ ಗುಳಿಗೆ ಕೊಟ್ಟೆ. ಹೋಗಲಿಲ್ಲ.

ಹಸಿರುಕೋಟು_ನರ್ಸ್ · 10:20
@ವರದಾತೀರ_ಹಾವೇರಿ, ಮಕ್ಕಳ ಕೆನ್ನೆ ಮೇಲಿನ ಮಸುಕು ಕಲೆಗೂ ಹುಳಕ್ಕೂ ಸಂಬಂಧ ಇಲ್ಲ. ಕ್ಯಾಲ್ಸಿಯಂಗೂ ಇಲ್ಲ. ಬಹಳ ಮಕ್ಕಳಿಗೆ ಚರ್ಮ ಒಣಗಿ ಹೀಗಾಗುತ್ತೆ. ಅಂಚು ಮಸುಕು, ಮೇಲೆ ಸಣ್ಣ ಹೊಟ್ಟು, ಬಿಸಿಲಿಗೆ ಹೋದಾಗ ಜಾಸ್ತಿ ಎದ್ದು ಕಾಣುತ್ತೆ. ಯಾಕೆ ಅಂದರೆ ಸುತ್ತಲಿನ ಚರ್ಮ ಕಪ್ಪಾಗುತ್ತೆ, ಕಲೆ ಕಪ್ಪಾಗಲ್ಲ. ಕಡಿಮೆ ಸೋಪು, ಸ್ನಾನ ಆದ ತಕ್ಷಣ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ. ನಿಧಾನಕ್ಕೆ ಹೋಗುತ್ತೆ. ಕಲೆ ಹಾಲುಬಿಳಿಯಾದರೆ, ಅಥವಾ ಮುಟ್ಟಿದ್ದು ಗೊತ್ತಾಗದಿದ್ದರೆ ತೋರಿಸಿ.

ಈಗ @ಎರೆಹೊಲ_ಗದಗ ಅವರಿಗೆ. ನಾನು ಹುಬ್ಬಳ್ಳಿಯಲ್ಲಿ ನರ್ಸ್, ಚರ್ಮದ ಓಪಿಡಿಯಲ್ಲಿ ನಾಲ್ಕು ವರ್ಷ ಇದ್ದೆ. ಡಾಕ್ಟರ್ ಅಲ್ಲ, ರೋಗ ಇದೇ ಅಂತ ಹೇಳೋಳೂ ಅಲ್ಲ. ಆದರೆ ಡಾಕ್ಟರು ಮೊದಲು ಏನು ಕೇಳ್ತಾರೆ ಅನ್ನೋದು ಬಾಯಿಪಾಠ ಆಗಿದೆ. ಎಷ್ಟು ದಿನದಿಂದ? ಬೆಳೀತಾ ಇದೆಯಾ? ತುರಿಕೆ ಇದೆಯಾ, ಇದ್ದರೆ ರಾತ್ರಿ ಜಾಸ್ತಿಯಾ? ಮನೆಯಲ್ಲಿ ಇನ್ನೊಬ್ಬರಿಗೆ ಇದೆಯಾ? ಏನು ಹಚ್ಚಿದ್ದೀರಿ? ಆಮೇಲೆ ಬೆರಳಿಂದ ಸವರಿ ನೋಡ್ತಾರೆ. ಉಬ್ಬಿದೆಯೋ, ಚಪ್ಪಟೆಯೋ, ಅಂಚಲ್ಲಿ ಏನಿದೆ, ನಡುವೆ ಏನಿದೆ.

ನನಗೆ ನಿಮ್ಮ ಬರಹದಲ್ಲಿ ಕುಟುಕಿದ್ದು "ತುರಿಕೆ ಇಲ್ಲ, ನೋವಿಲ್ಲ" ಅನ್ನೋದು. ಅದನ್ನು ಒಳ್ಳೆಯ ಸುದ್ದಿ ಅಂತ ತಿಳಿಯಬೇಡಿ. ಇವತ್ತೇ ಒಂದು ಕೆಲಸ ಮಾಡಿ. ಚೂರು ಹತ್ತಿ ತಗೊಂಡು ತುದಿ ಹೊಸೆದು ದಾರದಂತೆ ಮಾಡಿ. ಮೊದಲು ಅಪ್ಪ ಕಣ್ಣು ತೆರೆದಿರುವಾಗ ಚೆನ್ನಾಗಿರುವ ಚರ್ಮಕ್ಕೆ ಮುಟ್ಟಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ. ಒಮ್ಮೆ ಮಚ್ಚೆಯ ನಡುವೆ, ಒಮ್ಮೆ ಹೊರಗೆ, ಒಮ್ಮೆ ಇನ್ನೊಂದು ಕೈಗೆ ಮುಟ್ಟಿಸಿ. ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಲಿ. ಸವರಬೇಡಿ, ಬರೀ ಮುಟ್ಟಿಸಿ. ಸೂಜಿ ಬೇಡವೇ ಬೇಡ. ಮಚ್ಚೆ ಮೇಲೆ ಕೂದಲು ಕಡಿಮೆ ಇದೆಯಾ, ಹೊಲದಿಂದ ಬಂದಾಗ ಅಲ್ಲಿ ಬೆವರು ಬಂದಿರುತ್ತಾ, ಅದನ್ನೂ ನೋಡಿ.

ಹಳೇಹುಬ್ಬಳ್ಳಿ_ಮಂದಿ · 10:26
ಫೋಟೋ ಹಾಕಿದರೆ ಎಲ್ಲರೂ ಹೇಳಬಹುದಲ್ವಾ?

ಹಸಿರುಕೋಟು_ನರ್ಸ್ · 10:29
ಬೇಡ. ಮುಟ್ಟಿದ್ದು ಗೊತ್ತಾಗುತ್ತೋ ಇಲ್ಲವೋ ಅನ್ನೋದು ಫೋಟೋದಲ್ಲಿ ಕಾಣಲ್ಲ. ಫೋಟೋ ತೆಗೆದು ನೀವೇ ಇಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ನಾಣ್ಯ ಇಡಿ, ಹಗಲು ಬೆಳಕಲ್ಲಿ ತೆಗೆಯಿರಿ. ತಿಂಗಳಿಗೊಮ್ಮೆ ತೆಗೆದರೆ ಬೆಳೀತಾ ಇದೆಯಾ ಅಂತ ಡಾಕ್ಟರಿಗೆ ತೋರಿಸಬಹುದು.

ಔಷಧಿಅಂಗಡಿ_ಧಾರವಾಡ · 10:45
ಆ ಟ್ಯೂಬಿನ ಮೇಲೆ ಏನು ಬರೆದಿದೆ ನೋಡಿ ಹೇಳ್ತೀರಾ? ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಇಂಥ ಹೆಸರು ಇದೆಯಾ?

ಎರೆಹೊಲ_ಗದಗ · 10:52
ಕ್ಲೋಬೆಟಸಾಲ್ ಇದೆ. ಜೊತೆಗೆ ಇನ್ನೂ ಮೂರು ಹೆಸರು.

ಔಷಧಿಅಂಗಡಿ_ಧಾರವಾಡ · 11:05
ಇವತ್ತೇ ನಿಲ್ಲಿಸಿ, ಟ್ಯೂಬನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ಅದು ಸ್ಟೆರಾಯ್ಡ್, ಅದರಲ್ಲೂ ತುಂಬಾ ಜೋರಿನದು. ಜೊತೆಗೆ ಬೂಷ್ಟಿನ ಔಷಧಿ, ಆಂಟಿಬಯೋಟಿಕ್ ಎಲ್ಲಾ ಸೇರಿಸಿರುತ್ತಾರೆ. ಏನೇ ಇರಲಿ, ಯಾವುದೋ ಒಂದು ಹೊಡೆಯಲಿ ಅಂತ. ನಾನೂ ಕೌಂಟರಿನ ಈ ಕಡೆ ನಿಂತವನೇ. "ಗಜಕರ್ಣಕ್ಕೆ ಏನಾದರೂ ಕೊಡ್ರಿ" ಅಂತ ದಿನಕ್ಕೆ ಹತ್ತು ಜನ ಬರುತ್ತಾರೆ. ಚೀಟಿ ತನ್ನಿ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ. 2018ರಲ್ಲೇ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆದರೂ ಸಿಗುತ್ತೆ.

ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ. ಗುಣವಾಯ್ತು ಅಂತ ಬಿಡ್ತಾರೆ. ಒಳಗೆ ಬೂಷ್ಟು ಬೆಳೀತಾನೇ ಇರುತ್ತೆ. ಬಿಟ್ಟ ವಾರಕ್ಕೆ ಮೊದಲಿಗಿಂತ ಎರಡು ಪಟ್ಟು ಬರುತ್ತೆ.

ಮಠದಓಣಿ · 11:12
ನನಗೆ ಅದೇ ಟ್ಯೂಬಿಂದ ಗಜಕರ್ಣ ಹೋಗಿದೆ. ಸುಮ್ನೆ ಹೆದರಿಸಬೇಡಿ.

ಔಷಧಿಅಂಗಡಿ_ಧಾರವಾಡ · 11:18
ಎಷ್ಟು ಸಲ ಹೋಗಿದೆ?

ಮಠದಓಣಿ · 11:30
ಮೂರು ಸಲ.

ಸವಣೂರ_ಖಾರ · ಮಂಗಳವಾರ ಬೆಳಿಗ್ಗೆ 6:50
ಮಠದಓಣಿ ಅವರೇ, ಮೂರು ಸಲ ಹೋಗಿದೆ ಅಂದರೆ ಒಂದು ಸಲವೂ ಹೋಗಿಲ್ಲ. ನನ್ನ ಅನುಭವ ಕೇಳಿ. ತೊಡೆ ಸಂದಿಯಲ್ಲಿ ಉಂಗುರದಂತೆ ಬಂತು. ಅಂಚು ಕೆಂಪು, ಉಬ್ಬು, ಹೊಟ್ಟು. ನಡುವೆ ಮಾತ್ರ ತಿಳಿಯಾಗಿತ್ತು. ಅದೇ ಗಜಕರ್ಣದ ಗುರುತು ಅಂತ ಆಮೇಲೆ ಗೊತ್ತಾಯ್ತು. ಎಂಟು ತಿಂಗಳು ಟ್ಯೂಬ್ ಹಚ್ಚಿದೆ. ಉಂಗುರ ಕಳೆದು ಹೋಗಿ ತೊಡೆ ತುಂಬಾ ಕಂದು ಮಸಿಯಂತೆ ಹರಡಿತು. ಬಸುರಿಯರ ಹೊಟ್ಟೆ ಮೇಲೆ ಬರುತ್ತಲ್ಲ, ಆ ತರಹದ ಗೆರೆಗಳು ತೊಡೆ ಮೇಲೆ ಬಿದ್ದವು, ಬೆರಳಿನಷ್ಟು ಅಗಲ. ಗಜಕರ್ಣ ಈಗ ಹೋಗಿದೆ, ಆ ಗೆರೆ ಜನ್ಮಕ್ಕೆ ಹೋಗಲ್ಲ ಅಂತ ಡಾಕ್ಟರ್ ಹೇಳಿದರು.

ವಾಸಿಯಾಗಿದ್ದು ಹೇಗೆ ಅಂದರೆ ಎರಡು ತಿಂಗಳು ಗುಳಿಗೆ, ಸ್ಟೆರಾಯ್ಡ್ ಇಲ್ಲದ ಮುಲಾಮು, ಕಲೆಯಿಂದ ಎರಡು ಬೆರಳು ಹೊರಗಿನವರೆಗೂ ಹಚ್ಚೋದು. ಮನೆಯಲ್ಲಿ ಹೆಂಡತಿಗೂ ಇತ್ತು, ಇಬ್ಬರೂ ಒಟ್ಟಿಗೆ ತಗೊಂಡ್ವಿ. ಟವೆಲ್ ಬೇರೆ. ಬಟ್ಟೆ ಬಿಸಿನೀರಲ್ಲಿ ಒಗೆದು, ತಿರುಗಿಸಿ ಬಿಸಿಲಿಗೆ ಹಾಕೋದು.

ಕೆಲಗೇರಿ_ದಂಡೆ · 7:15
ನಮ್ಮಜ್ಜಿ ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುತ್ತಿದ್ದರು. ಒಂದು ರೂಪಾಯಿ ಖರ್ಚಿಲ್ಲ.

ಸವಣೂರ_ಖಾರ · 7:22
ಸೊಪ್ಪು ಹಚ್ಚಿ, ನನ್ನ ತಕರಾರಿಲ್ಲ. ಕೇರುಬೀಜದ ಎಣ್ಣೆ ಮಾತ್ರ ಯಾರೂ ಹಚ್ಚಬೇಡಿ. ನಮ್ಮ ದೊಡ್ಡಪ್ಪ ಮಂಡಿ ನೋವಿಗೆ ಹಚ್ಚಿಸಿಕೊಂಡು, ಸುಟ್ಟ ಗಾಯದಂತೆ ಬೊಬ್ಬೆ ಎದ್ದು ಹದಿನೈದು ದಿನ ಮಲಗಿದ್ದರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಎಣ್ಣೆ ಅದು. ಬಟ್ಟೆ ಮೇಲೇ ಅಳಿಯಲ್ಲ, ಮೈಮೇಲೆ ಏನು ಮಾಡುತ್ತೆ ಯೋಚಿಸಿ.

ಬ್ಯಾಡಗಿ_ಮಂಡಿ · 7:40
ಹೊಲದವರಿಗೆ ಇನ್ನೊಂದು ಇದೆ, ಯಾರೂ ಹೇಳಲಿಲ್ಲ. ಕಾಂಗ್ರೆಸ್ ಕಸ. ನನಗೆ ಪ್ರತಿ ಮಳೆಗಾಲ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲಾ ಕೆಂಪಾಗಿ ದಪ್ಪ ಆಗಿ ಉರಿಯುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿಯೋ ಕೆಲಸ ನಮ್ಮ ಮನೆಯದು, ಖಾರದ ಉರಿ ಅಂತಲೇ ತಿಳಿದಿದ್ದೆ. ಡಾಕ್ಟರ್ ಒಂದೇ ಮಾತು ಕೇಳಿದರು, "ಶರ್ಟ್ ಮುಚ್ಚಿದ ಕಡೆ ಇದೆಯಾ?" ಇರಲಿಲ್ಲ. ಗಾಳಿಗೆ ತೆರೆದ ಕಡೆ ಮಾತ್ರ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡಿದರು, ಕಾಂಗ್ರೆಸ್ ಕಸ ಅಂತ ಗೊತ್ತಾಯ್ತು. ಖಾರದ ಉರಿ ಕೈಗೆ ಬರುತ್ತೆ, ತೊಳೆದು ಎಣ್ಣೆ ಹಚ್ಚಿದರೆ ಒಂದೆರಡು ದಿನಕ್ಕೆ ಇಳಿಯುತ್ತೆ. ಇದು ಹಾಗಲ್ಲ. ಒಣಗಿದ ಗಿಡದ ಧೂಳು ಸಾಕು.

ಸಾಧನಕೇರಿ · 7:48
ಆ ಕಸಕ್ಕೆ ಮೆಕ್ಸಿಕೋದಿಂದ ದುಂಬಿ ತಂದು 1984ರಲ್ಲಿ ಬೆಂಗಳೂರು ಸುತ್ತ ಬಿಟ್ಟಿದ್ದರು. ಮಳೆಗಾಲದಲ್ಲಿ ಎಲೆ ತಿಂದು ಜಾಲರಿ ಮಾಡಿರುತ್ತವೆ, ನೋಡಿರಬಹುದು. ಆದರೂ ಕಸ ಮುಗಿಯಲಿಲ್ಲ.

ಬ್ಯಾಡಗಿ_ಮಂಡಿ · 7:51
ಹೂ ಬಿಡೋ ಮುಂಚೆ, ನೆಲ ಹಸಿ ಇರುವಾಗ ಕೀಳಬೇಕು. ತುಂಬು ತೋಳು, ಕೈಗವಸು. ಅಲರ್ಜಿ ಇರೋರು ಕೀಳಲೇಬಾರದು, ಬೇರೆಯವರಿಂದ ಕೀಳಿಸಿ.

ಮಲ್ಲಿಗೆ_ದಂಡೆ · 8:30
ಹೆಣ್ಣುಮಕ್ಕಳಿಗೆ ಒಂದು ಮಾತು. ನಮ್ಮವ್ವನಿಗೆ ಹಣೆ ಮೇಲೆ, ಸರಿಯಾಗಿ ಬೊಟ್ಟಿನ ಆಕಾರದಲ್ಲೇ ಬಿಳಿ ಕಲೆ ಬಂತು. ಅಂಟಿಸುವ ಟಿಕಳಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಬಣ್ಣ ಹೋಗುತ್ತಂತೆ. ಬಿಟ್ಟು ಕುಂಕುಮ ಇಡೋಕೆ ಶುರು ಮಾಡಿದರು, ಚಿಕಿತ್ಸೆ ಮಾಡಿಸಿದರು. ವರ್ಷದಲ್ಲಿ ಅಂಚಿನಿಂದ ಬಣ್ಣ ವಾಪಸ್ ಬಂತು. ರಬ್ಬರ್ ಚಪ್ಪಲಿ ಪಟ್ಟಿ ಕೆಳಗೂ ಹೀಗೇ ಬರುತ್ತೆ. ಕಲೆಯ ಆಕಾರ ಯಾವ ವಸ್ತುವಿನ ಹಾಗಿದೆ ಅಂತ ನೋಡಿ.

ಇನ್ನೊಂದು. ಸೀರೆ ಒಳಗಿನ ಲಂಗದ ಲಾಡಿಯನ್ನು ದಿನಾ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ, ಅಲ್ಲಿ ಕಪ್ಪಾಗಿ ಗಾಯ ಆಗಿ, ವರ್ಷಗಟ್ಟಲೆ ಆರದೇ ಇದ್ದರೆ ಬಿಡಬೇಡಿ. ಅಪರೂಪ, ಆದರೆ ಅಂಥ ಗಾಯ ಕ್ಯಾನ್ಸರ್ ಆಗಿರೋದನ್ನು ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ. ಲಾಡಿ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳಿ.

ಹಳೇಹುಬ್ಬಳ್ಳಿ_ಮಂದಿ · 8:41
ಕ್ಯಾನ್ಸರ್ ಅಂದಿರಿ. ನನ್ನ ಬೆನ್ನ ಮೇಲೆ ಹುಟ್ಟಿನಿಂದ ಒಂದು ಮಚ್ಚೆ ಇದೆ, ಈಗ ಭಯ ಆಗ್ತಿದೆ.

ಹಸಿರುಕೋಟು_ನರ್ಸ್ · 9:05
ಹುಟ್ಟಿನಿಂದ ಹಾಗೇ ಇದ್ದರೆ ಭಯ ಬೇಡ. ಬದಲಾವಣೆ ನೋಡಬೇಕು. ಅರ್ಧ ಒಂದು ತರಹ, ಇನ್ನರ್ಧ ಬೇರೆ ತರಹ ಇದೆಯಾ, ಅಂಚು ಹರಿದಂತೆ ಇದೆಯಾ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇದೆಯಾ, 6 ಮಿಲಿಮೀಟರಿಗಿಂತ ದೊಡ್ಡದಾ, ಇತ್ತೀಚೆಗೆ ಬೆಳೆದಿದೆಯಾ, ರಕ್ತ ಬರುತ್ತಾ. ನಮ್ಮ ಬಣ್ಣದ ಚರ್ಮದಲ್ಲಿ ಮಚ್ಚೆಯ ಕ್ಯಾನ್ಸರ್ ಅಪರೂಪ. ಬಂದರೆ ಜಾಸ್ತಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಅಂಗಾಲಲ್ಲಿ ಹೊಸ ಕಪ್ಪು ಕಲೆ, ಅಥವಾ ಒಂದೇ ಉಗುರಲ್ಲಿ ಅಗಲವಾಗುತ್ತಾ ಹೋಗುವ ಕಪ್ಪು ಗೆರೆ ಕಂಡರೆ ತೋರಿಸಿ.

ಕುತ್ತಿಗೆ ಹಿಂದೆ ಕಪ್ಪಾಗಿ, ಮಖಮಲ್ಲಿನಂತೆ ದಪ್ಪ ಆಗಿದ್ದರೆ ಉಜ್ಜಬೇಡಿ. ಅದು ಕೊಳೆ ಅಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ.

ಮಠದಓಣಿ · 9:20
ರಾತ್ರಿ ಮಾತ್ರ ತುರಿಕೆ, ಬೆರಳು ಸಂದಿಯಲ್ಲಿ ಸಣ್ಣ ಗುಳ್ಳೆ. ಹಾಸ್ಟೆಲಿನಿಂದ ಬಂದ ತಮ್ಮನಿಗೆ. ಇದೂ ಗಜಕರ್ಣವಾ?

ಔಷಧಿಅಂಗಡಿ_ಧಾರವಾಡ · 9:26
ಕಜ್ಜಿ ಇರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮೊದಲು ತೋರಿಸಿ. ಕಜ್ಜಿ ಅಂತಾದರೆ ಪರ್ಮೆಥ್ರಿನ್ ಬರೆದುಕೊಡ್ತಾರೆ. ಕುತ್ತಿಗೆಯಿಂದ ಕಾಲ್ಬೆರಳ ತನಕ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ, ವಾರ ಬಿಟ್ಟು ಮತ್ತೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ಒಬ್ಬರು ಬಿಟ್ಟರೂ ಮತ್ತೆ ಬರುತ್ತೆ.

ಕೆಲಗೇರಿ_ದಂಡೆ · 9:50
ಸರ್ಪಸುತ್ತಿಗೆ ಕೆಮ್ಮಣ್ಣು ಬರೆಸಬಹುದಾ? ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅಂತಾರೆ.

ಹಸಿರುಕೋಟು_ನರ್ಸ್ · 10:10
ಅದು ಒಂದು ನರದ ದಾರಿಯಲ್ಲೇ ಬರೋದು. ಹಾಗಾಗಿ ಸಾಮಾನ್ಯವಾಗಿ ಮೈಯ ಒಂದೇ ಪಕ್ಕ ಇರುತ್ತೆ, ನಡುಗೆರೆಗೆ ಬಂದು ನಿಲ್ಲುತ್ತೆ. ಸುತ್ತಿ ಕೂಡಿಕೊಳ್ಳೋ ಮಾತು ಸುಳ್ಳು. ಚಿಕ್ಕಂದಿನಲ್ಲಿ ಬಂದ ಅಮ್ಮನ (ಸಿಡುಬಲ್ಲ, ಗಾಳಿ ಅಮ್ಮ, ಅಂದರೆ ಚಿಕನ್‌ಪಾಕ್ಸ್) ವೈರಸ್ಸೇ ನರದಲ್ಲಿ ಮಲಗಿದ್ದು ಏಳುತ್ತೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಗುಳಿಗೆ ಶುರು ಮಾಡಿದರೆ ತುಂಬಾ ಉಪಯೋಗ. ಕೆಮ್ಮಣ್ಣಿನಲ್ಲಿ ಆ ಮೂರು ದಿನ ಕಳೆದುಬಿಡುತ್ತಾರೆ, ಆಮೇಲೆ ತಿಂಗಳುಗಟ್ಟಲೆ ನೋವು ಉಳಿಯುತ್ತೆ. ಹಣೆ, ಮೂಗಿನ ತುದಿ, ಕಣ್ಣಿನ ಹತ್ತಿರ ಬಂದರೆ ಅವತ್ತೇ ಆಸ್ಪತ್ರೆ.

@ಎರೆಹೊಲ_ಗದಗ, ಹತ್ತಿ ಪರೀಕ್ಷೆ ಮಾಡಿದಿರಾ?

ಎರೆಹೊಲ_ಗದಗ · ಮಂಗಳವಾರ ರಾತ್ರಿ 8:55
ಮಾಡಿದೆ. ಊಟ ಆದ ಮೇಲೆ ಕಟ್ಟೆ ಮೇಲೆ ಕೂರಿಸಿ ಕಣ್ಣು ಮುಚ್ಚಿ ಅಂದೆ. ಎಡಗೈಗೆ ಮುಟ್ಟಿಸಿದೆ, ತಕ್ಷಣ ತೋರಿಸಿದರು. ಬಲಗೈ ಅಂಗೈಗೆ ಮುಟ್ಟಿಸಿದೆ, ತೋರಿಸಿದರು. ಮಚ್ಚೆ ನಡುವೆ ಮುಟ್ಟಿಸಿದೆ. ಸುಮ್ಮನೆ ಕೂತಿದ್ದರು. ನಾಲ್ಕು ಸಲ ಮುಟ್ಟಿಸಿದೆ. "ಮುಟ್ಟಿಸು ಮತ್ತ, ಯಾಕ ಸುಮ್ಮನಾದಿ?" ಅಂದರು.

ಹತ್ತಿರದಿಂದ ನೋಡಿದಾಗ ಮಚ್ಚೆ ಅಂಚಲ್ಲಿ ಒಂದು ಸುಟ್ಟ ಗುರುತು ಇದೆ. ಬೀಡಿ ಕಿಡಿ ಬಿದ್ದಿರಬೇಕು. ಯಾವಾಗ ಅಂದರೆ ಅವರಿಗೆ ಗೊತ್ತೇ ಇಲ್ಲ.

ಸಾಧನಕೇರಿ · 9:02
ನಾಳೆನೇ ಹೋಗಿ. ಗದಗದಲ್ಲೇ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಅಲ್ಲಿ ಕೇಳಿ.

ಮಠದಓಣಿ · 9:08
ಅಂದರೆ ಕುಷ್ಠ ಅಂತನಾ? ಊರಲ್ಲಿ ಯಾರಿಗೂ ಹೇಳಬೇಡಿ. ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿ.

ಹಸಿರುಕೋಟು_ನರ್ಸ್ · 9:30
ತಟ್ಟೆ ಲೋಟ ಬೇರೆ ಮಾಡಬೇಡಿ. ದಯವಿಟ್ಟು ಮಾಡಬೇಡಿ. ಜೊತೆಗೆ ಉಂಡರೆ, ಕೈ ಹಿಡಿದರೆ, ಪಕ್ಕದಲ್ಲಿ ಕೂತರೆ ಬರೋದಲ್ಲ ಅದು. ಬಹಳ ಜನರ ಮೈಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತೆ. ಆ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದರು. ಶಾಪವೂ ಅಲ್ಲ, ಪಾಪವೂ ಅಲ್ಲ. ತುಂಬಾ ನಿಧಾನಕ್ಕೆ ಬೆಳೆಯುತ್ತೆ, ಮೈ ಸೇರಿ ಗುರುತು ಕಾಣೋಕೆ ಸರಾಸರಿ 5 ವರ್ಷ, ಕೆಲವರಿಗೆ 20 ವರ್ಷ.

ಡಾಕ್ಟರ್ ಹೇಳುವವರೆಗೆ ಅದೇ ಅಂತ ತೀರ್ಮಾನ ಬೇಡ. ಆದರೆ ಹೌದಾದರೆ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. 5ರವರೆಗೆ ಮಚ್ಚೆ ಇದ್ದು, ನರಕ್ಕೆ ಜಾಸ್ತಿ ಹರಡಿಲ್ಲ ಅಂದರೆ 6 ತಿಂಗಳು. ಅದಕ್ಕಿಂತ ಜಾಸ್ತಿ ಇದ್ದರೆ 12 ತಿಂಗಳು. ಮೊಣಕೈ ಮೂಳೆ ಹತ್ತಿರ ಒಂದು ನರ ಹೋಗುತ್ತೆ, ಅದು ಕಿರುಬೆರಳಿನದು. ಅದು ಕೆಡುವ ಮುಂಚೆ ಗುಳಿಗೆ ಸಿಕ್ಕಿದರೆ ಬೆರಳು ಮಡಿಚಿಕೊಳ್ಳಲ್ಲ. ನನ್ನ ಕಾಳಜಿ ಇಷ್ಟೇ, ಆ ನರ.

ಸವಣೂರ_ಖಾರ · 9:41
ಮಠದಓಣಿ ಅವರೇ, ಕುಷ್ಠ ಅಂತ ಹೇಳಿ ಗಂಡ ಹೆಂಡತಿ ವಿಚ್ಛೇದನ ಕೇಳುವ ಕಾನೂನನ್ನೇ 2019ರಲ್ಲಿ ತೆಗೆದು ಹಾಕಿದ್ದಾರೆ. ನಾವು ಇನ್ನೂ ತಟ್ಟೆ ಲೋಟ ಅಂತಿದ್ದೀವಿ.

ಮಠದಓಣಿ · 9:55
ತಪ್ಪಾಯ್ತು. ನಮ್ಮ ಓಣಿಯಲ್ಲಿ ಒಬ್ಬರನ್ನು ಹಾಗೆ ದೂರ ಇಟ್ಟಿದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಅದೇ ಬಾಯಿಗೆ ಬಂತು.

ಎರೆಹೊಲ_ಗದಗ · ಶನಿವಾರ ಸಂಜೆ 6:20
ಹೋಗಿ ಬಂದ್ವಿ. ಕುಷ್ಠವೇ. ಒಂದೇ ಮಚ್ಚೆ. ಡಾಕ್ಟರ್ ಮೈಯೆಲ್ಲ ನೋಡಿದರು. ಮೊಣಕೈ ಹತ್ತಿರ ನರ ಒತ್ತಿ ನೋಡಿದರು, ಕಿರುಬೆರಳು ಅಗಲಿಸಿ ಹಿಡಿದು "ಜೋರು ಹಾಕಿ" ಅಂದರು. ಅಪ್ಪ ಹಾಕಿದರು. ನರ ಸ್ವಲ್ಪ ದಪ್ಪ ಇದೆ, ಶಕ್ತಿ ಪೂರ್ತಿ ಇದೆ ಅಂದರು. ಕಿವಿ ಹತ್ತಿರ ಸಣ್ಣದಾಗಿ ಕೊಯ್ದು ಸ್ಲೈಡಿಗೆ ತೆಗೆದರು. 6 ತಿಂಗಳ ಗುಳಿಗೆ. ಮನೆಯವರನ್ನೆಲ್ಲ ಕರೆಸಿ ನೋಡಿ, ನಮಗೂ ಒಂದೊಂದು ಸಲದ ಗುಳಿಗೆ ಕೊಟ್ಟರು.

ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಪ್ಪ ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ, "ಮೊಮ್ಮಗಳನ್ನ ಎತ್ಗೋಬಹುದೇನ್ರಿ?" ಇವತ್ತೇ ಎತ್ತಿಕೊಳ್ಳಿ ಅಂದರು ಅವರು. ಈಗ ಅವಳು ಅವರ ಹೆಗಲ ಮೇಲೇ ಇದ್ದಾಳೆ.

ಒಂದು ಅನುಮಾನ. ಗುಳಿಗೆ ತಗೊಂಡ ಮೇಲೆ ಮೂತ್ರ ಕೆಂಪಾಗಿದೆ. ಅಪ್ಪ ಗಾಬರಿಯಾಗಿದ್ದಾರೆ.

ಹಸಿರುಕೋಟು_ನರ್ಸ್ · 6:28
ರಿಫಾಂಪಿಸಿನ್ ಬಣ್ಣ ಅದು. ಆ ಗುಳಿಗೆ ತಿಂಗಳಿಗೊಮ್ಮೆ, ಹಾಗಾಗಿ ಒಂದೆರಡು ದಿನಕ್ಕೆ ಹೋಗುತ್ತೆ. ಬೇರೆ ಗುಳಿಗೆಯಿಂದ ಚರ್ಮ ಸ್ವಲ್ಪ ಕಪ್ಪಾದರೂ ನಿಲ್ಲಿಸಬೇಡಿ, ಮುಗಿದ ಮೇಲೆ ನಿಧಾನಕ್ಕೆ ತಿಳಿಯಾಗುತ್ತೆ. ಮಚ್ಚೆ ಕೆಂಪಾಗಿ ಊದಿದರೆ, ಮೊಣಕೈ ನರ ನೋಯಲು ಶುರುವಾದರೆ, ಕಿರುಬೆರಳಲ್ಲಿ ಶಕ್ತಿ ಕಡಿಮೆ ಅನ್ನಿಸಿದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಓಡಿ. ಬಿಸಿ ಪಾತ್ರೆ, ಒಲೆ ಹತ್ತಿರ ಬಲಗೈ ಜೋಪಾನ.

ವರದಾತೀರ_ಹಾವೇರಿ · 6:40
ನಿಮ್ಮ ಬರಹ ಓದಿ ನಾನೂ ಮಗಳ ಕೆನ್ನೆಗೆ ಹತ್ತಿ ಮುಟ್ಟಿಸಿದೆ. ಕಚಗುಳಿ ಅಂತ ನಕ್ಕಳು. ಎಣ್ಣೆ ಹಚ್ಚುತ್ತಾ ಇದ್ದೀನಿ.

ಎರೆಹೊಲ_ಗದಗ · 6:52
ಗುಳಿಗೆಯ ಒಂದು ಪಟ್ಟಿಗೆ 28 ದಿನ. ಗೋಡೆ ಕ್ಯಾಲೆಂಡರಿನಲ್ಲಿ ಅವ್ವ ಆರು ತಾರೀಖಿಗೆ ಕುಂಕುಮದ ಗುರುತು ಹಾಕಿದ್ದಾರೆ. ಮೊದಲ ಗುಳಿಗೆ ಅವರೇ ಕೈಗೆ ಕೊಟ್ಟರು.